ಸುತ್ತುದಾರಿ

ಮೂರನೇ ಮಹಡಿಯ ಗಣಿತದ ಟೀಚರ್ ಮತ್ತೆ ಬಾಯಿ ತೆರೆದುಕೊಂಡೇ ಪರದೆಯ ಮೇಲೆ ಕಲ್ಲಾದರು. ಅವರವರ ಮನೆಯಲ್ಲಿ ಕೂತು ಪಾಠ ಕೇಳುತ್ತಿದ್ದ ಮಕ್ಕಳಿಗೆ ಲೆಕ್ಕ ಅರ್ಧಕ್ಕೇ ನಿಂತಿತು. ವಾರದಿಂದ ಮಧ್ಯಾಹ್ನವಾದರೆ ಇದೇ ಪಾಡು. ಕಟ್ಟಡದವರೆಲ್ಲ ‘ವೈಫೈ ಮೇಡಂ’ ಎಂದು ಕರೆಯುವ ಹುಡುಗಿ ಇವತ್ತು ಕಳ್ಳನನ್ನು ಹಿಡಿದೇ ತೀರುತ್ತೇನೆಂದು ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕಾದಿದ್ದಳು. ನೆಟ್ ಹೋದ ಕ್ಷಣಕ್ಕೆ ಸರಿಯಾಗಿ ಅವಳ ಲ್ಯಾಪ್‌ಟಾಪಿನ ವೈಫೈ ನಕ್ಷೆಯಲ್ಲಿ ಮೊದಲನೇ ಮಹಡಿಯ ಹಸಿರು ಚುಕ್ಕೆ ಆರಿತು.

ಅವಳ ಸಿಟ್ಟಿಗೆ ಕಾರಣವಿತ್ತು. ಮೊದಲು ಈ ಕೆಲಸ ನೋಡುತ್ತಿದ್ದವರು ತೀರಿಕೊಂಡ ಮೇಲೆ ಅದು ಅವಳ ಕೈಗೆ ಬಂದಿತ್ತು. ನೆಲಮಹಡಿಗೆ ಬರುವ ಇಂಟರ್ನೆಟ್ಟನ್ನು ಒಂದು ವೈಫೈ ಡಬ್ಬಿ ಇನ್ನೊಂದಕ್ಕೆ ದಾಟಿಸುತ್ತ ಮೇಲಕ್ಕೆ ಮುಟ್ಟಿಸಬೇಕು. ಯಾವ ದಾರಿ ಹತ್ತಿರವೋ ಅದನ್ನು ಡಬ್ಬಿಗಳೇ ಹುಡುಕಿಕೊಳ್ಳುತ್ತವೆ; ನಡುವಿನದೊಂದು ಆರಿದರೆ ಮಾತ್ರ ಬೇರೆ ದಾರಿ ಹಿಡಿಯಲು ಅವಕ್ಕೆ ಕೆಲವು ನಿಮಿಷ ಬೇಕು. ಆ ಮಹಾನುಭಾವರು ಮಾತ್ರ ಹತ್ತಿರದ ಮೊದಲನೇ ಮಹಡಿಯನ್ನು ಬಿಟ್ಟು, ಗೋದಾಮು, ಹಿಂದಿನ ಮೆಟ್ಟಿಲು ಎಂದು ಊರೆಲ್ಲ ಸುತ್ತಿಸಿ, ಆ ದಾರಿ ಬದಲಾಗದಂತೆ ಲಾಕ್ ಮಾಡಿಟ್ಟಿದ್ದರು. “ಯಾವ ಪುಣ್ಯಾತ್ಮ ಸಾರ್ ಇದನ್ನ ಮಾಡಿದ್ದು? ತಲೆಬುಡ ಇಲ್ಲ” ಎಂದು ಹೊಸದಾಗಿ ಬಂದಿದ್ದ ಮ್ಯಾನೇಜರ್ ಮುಂದೆ ನಕ್ಕು, ಅವಳು ಲಾಕ್ ತೆಗೆದುಹಾಕಿದ್ದಳು. ನೆಟ್ ಕುದುರೆಯಂತೆ ಓಡಿತು. ಖುಷಿಯಾದ ಮ್ಯಾನೇಜರ್ ಇನ್ನೆರಡು ಕಟ್ಟಡದ ಕೆಲಸವನ್ನೂ ಅವಳಿಗೇ ಕೊಡಿಸುವುದಾಗಿ ಮಾತು ಕೊಟ್ಟಿದ್ದರು. ಈಗ ಆ ಕೆಲಸವೂ ಕೈತಪ್ಪುವ ಹಾಗಿತ್ತು.

ಮೊದಲನೇ ಮಹಡಿಯಲ್ಲಿ ಬಾಡಿಗೆಗೆ ಹೋಗಿದ್ದು ಪಿಟೀಲು ರಿಪೇರಿ ಮಾಡುವ ಮುದುಕರ ಕೋಣೆ ಒಂದೇ. ಡಬ್ಬಿಯೂ ಅಲ್ಲೇ ಇತ್ತು. ಗೋಡೆಯ ತುಂಬ ತಂತಿಯಿಲ್ಲದ ಪಿಟೀಲುಗಳು, ಮೇಜಿನ ಮೇಲೆ ಮರದ ಹೊಟ್ಟು, ಅಂಟಿನ ವಾಸನೆ. ಮುದುಕರು ಕಣ್ಣು ಮುಚ್ಚಿಕೊಂಡು, ಒಂದು ಪಿಟೀಲಿನ ಬಿರಡೆಯನ್ನು ಇಷ್ಟಿಷ್ಟೇ ತಿರುಗಿಸುತ್ತಿದ್ದರು. ಬಾಗಿಲ ಪಕ್ಕ ಡಬ್ಬಿಯ ಸ್ವಿಚ್ ಆಫ್ ಆಗಿತ್ತು.

“ತಾತ, ಇದನ್ನ ಆರಿಸಿದ್ದು ನೀವಾ?”

“ಹೂಂ ಕಣಮ್ಮ. ಇದೊಂದು ತಂತಿ ಆಗಲಿ, ಹಾಕ್ತೀನಿ. ಅದು ಗುಂಯ್ ಅಂತಿರುತ್ತೆ. ಈ ದಪ್ಪ ತಂತೀ ಸ್ವರಕ್ಕಿಂತ ಒಂದು ಕೂದಲಷ್ಟು ಮೇಲೆ. ಅದು ಕಿವೀಗೆ ಬೀಳ್ತಿದ್ರೆ ನನ್ನ ತಂತಿ ಅದರ ಹಿಂದೇ ಹೋಗಿಬಿಡುತ್ತೆ.”

ಅವಳು ಸ್ವಿಚ್ ಒತ್ತಿ, ಡಬ್ಬಿಗೆ ಕರೆಂಟ್ ಕೊಡುವ ಅಡಾಪ್ಟರಿಗೆ ಕಿವಿ ಹಚ್ಚಿದಳು. ಉಸಿರು ಬಿಗಿಹಿಡಿದು ಕೇಳಿದರೂ ಏನೂ ಇಲ್ಲ.

“ನಂಗೇನೂ ಕೇಳಿಸ್ತಿಲ್ಲ ತಾತ. ನೀವು ಆರಿಸಿದಾಗೆಲ್ಲ ಮೇಲಿನವರ ಪಾಠ ನಿಂತುಹೋಗ್ತಿದೆ.”

ಮುದುಕರ ಮುಖ ಸಣ್ಣದಾಯಿತು. “ನನ್ನಿಂದಾನಾ? ‘ಬೇಕಾದಾಗ ಆರಿಸ್ಕೊಳ್ಳಿ, ಮೇಲಿನವರಿಗೆ ತೊಂದರೆ ಆಗದ ಹಾಗೆ ನಾನು ನೋಡ್ಕೋತೀನಿ’ ಅಂದಿದ್ರಲ್ಲ, ಹಿಂದಿನವರು?”

ಅವಳಿಗೆ ಆ ಸುತ್ತುದಾರಿ ಕಣ್ಣ ಮುಂದೆ ಬಂತು. ಅದು ಬಿಟ್ಟುಹೋಗಿದ್ದು ಈ ಕೋಣೆಯೊಂದನ್ನೇ. ನಾಚಿಕೆಯಿಂದ ಮುಖ ಬಿಸಿಯಾಯಿತು.

ಅಷ್ಟರಲ್ಲಿ ಮ್ಯಾನೇಜರ್ ಏದುಸಿರು ಬಿಡುತ್ತ ಬಂದರು. “ಸಿಕ್ತಾ ಮೇಡಂ? ಓ, ಇವರಾ! ಹಗಲೆಲ್ಲ ಪಿಟೀಲು ಕುಯ್ಯೋದು ಸಾಲದು ಅಂತ ನೆಟ್ಟಿಗೂ ಕೈ ಹಾಕಿದ್ರಾ? ಸ್ವಿಚ್ಚಿಗೆ ಟೇಪ್ ಸುತ್ತಿಬಿಡಿ. ಇನ್ನೊಂದು ಸಲ ಮುಟ್ಟಿದ್ರೆ ಕೋಣೆ ಖಾಲಿ ಮಾಡಿಸ್ತೀನಿ.”

ಮುದುಕರು ಪಿಟೀಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಅವಳು ‘ಹೂಂ ಸಾರ್’ ಎಂದರೆ ಸಾಕಿತ್ತು. ತಪ್ಪು ಮುದುಕರ ತಲೆಗೆ ಬೀಳುತ್ತಿತ್ತು, ಎರಡು ಕಟ್ಟಡ ಅವಳ ಕೈಗೆ ಬರುತ್ತಿದ್ದವು. ಅವಳು ಮ್ಯಾನೇಜರ್ ಕಡೆ ತಿರುಗಿದಳು.

“ಟೇಪ್ ಬೇಡ ಸಾರ್. ತಪ್ಪು ನನ್ನದು. ಹಿಂದಿನವರು ಹಾಕಿದ್ದ ದಾರೀನೇ ಸರಿ ಇತ್ತು. ಯಾಕೆ ಹಾಗಿದೆ ಅಂತ ಯೋಚಿಸದೆ ನಾನೇ ಕಿತ್ತುಹಾಕಿದೆ.”

“ತಲೆಬುಡ ಇಲ್ಲ ಅಂತ ನಗ್ತಿದ್ರಲ್ಲ ಅವತ್ತು?”

“ನಗಬಾರದಿತ್ತು.”

ಮ್ಯಾನೇಜರ್ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಸರಿ. ಆ ಎರಡು ಕಟ್ಟಡದ ವಿಷಯ ಆಮೇಲೆ ನೋಡೋಣ” ಎಂದು ಮೆಟ್ಟಿಲಿಳಿದರು. ಆ ‘ಆಮೇಲೆ’ ಎಂದೂ ಬರುವುದಿಲ್ಲವೆಂದು ಅವಳಿಗೆ ಗೊತ್ತಾಯಿತು.

ಅಲ್ಲೇ ಸ್ಟೂಲಿನ ಮೇಲೆ ಕೂತು ಹಳೆಯ ಲಾಕನ್ನು ಮತ್ತೆ ಹಾಕಿದಳು. ಪರೀಕ್ಷೆಗೆಂದು ತಾನೇ ಸ್ವಿಚ್ ಆರಿಸಿದಳು. ನಕ್ಷೆಯಲ್ಲಿ ಮೂರನೇ ಮಹಡಿಯ ಚುಕ್ಕೆ ಹಸಿರಾಗೇ ಉಳಿಯಿತು; ಮೇಲಿಂದ ಟೀಚರ್ ದನಿ ಎಡೆಬಿಡದೆ ಕೇಳಿಬರುತ್ತಲೇ ಇತ್ತು. ಮುದುಕರು ಪಿಟೀಲನ್ನು ಎತ್ತಿಕೊಂಡರು. ಇಷ್ಟಾದರೂ ಅವಳ ಮನಸ್ಸು ಒಪ್ಪಿರಲಿಲ್ಲ. ಇಲ್ಲದ ಸದ್ದಿಗೋಸ್ಕರ ಇಷ್ಟೆಲ್ಲ ಕಳೆದುಕೊಂಡೆನಲ್ಲ ಎಂದು ಒಳಗೊಳಗೇ ಕುದಿಯುತ್ತ ವೈರು ಸುತ್ತಿಕೊಂಡಳು.

“ಬೇರೆ ಅಡಾಪ್ಟರ್ ಹಾಕಿಸ್ಕೋಬಹುದಿತ್ತಲ್ಲ ತಾತ?”

“ಪಾಪ, ಹಿಂದಿನವರು ಎಷ್ಟು ತಂದು ತಂದು ಹಾಕಿದ್ರು! ಎಲ್ಲಾ ಒಂದೇ ಜಾತಿ. ಯಾವುದು ಹಾಕಿದ್ರೂ ಗುಂಯ್.”

“ಅವರಿಗಾದ್ರೂ ಕೇಳಿಸ್ತಿತ್ತಾ, ಆ ಗುಂಯ್?”

ಮುದುಕರು ನಕ್ಕರು. “ಎಲ್ಲಿಂದ ಕೇಳಿಸ್ಬೇಕು? ಅವರಿಗೆ ಎರಡೂ ಕಿವಿ ಪೂರ್ತಿ ಹೋಗಿದ್ವು ಕಣಮ್ಮ. ಒಂದೊಂದೇ ಅಡಾಪ್ಟರ್ ಸಿಕ್ಕಿಸಿ, ಸ್ವಿಚ್ ಒತ್ತಿ, ನನ್ನ ಮುಖಾನೇ ನೋಡ್ತಾ ನಿಲ್ಲೋರು.”