ಗೊತ್ತಿರುವವರ ನಂಬರು

ಲಕ್ವ ಹೊಡೆದ ಗಂಡನಿಗೆ ಸರ್ಕಾರದಿಂದ ಗಾಲಿಕುರ್ಚಿ ಸಿಗುತ್ತದೆಂಬ ಮಾತನ್ನು ಪುಟ್ಟತಾಯಮ್ಮ ನಂಬಿದ್ದೇ ತಪ್ಪಾಯಿತು. ಆಸ್ಪತ್ರೆಯವರು ಅವಳನ್ನು ಕಲ್ಯಾಣ ಇಲಾಖೆಗೆ ಅಟ್ಟಿದರು. ಇಲಾಖೆಯವರು ದೆಹಲಿಯ ಸಹಾಯವಾಣಿಗೆ ಫೋನ್ ಮಾಡಿ ಎಂದರು. ಸಹಾಯವಾಣಿ ಅರ್ಧ ಗಂಟೆ ವೀಣೆ ಕೇಳಿಸಿ, ನಿಮ್ಮೂರಿನ ಆಸ್ಪತ್ರೆಯಲ್ಲೇ ವಿಚಾರಿಸಿ ಎಂದಿತು.

ಅಲೆದೂ ಅಲೆದೂ, ಯಾವ ಸಾಹೇಬರು ಎಷ್ಟು ಹೊತ್ತಿಗೆ ಊಟಕ್ಕೆ ಏಳುತ್ತಾರೆಂಬುದೂ ಅವಳಿಗೆ ಬಾಯಿಪಾಠವಾಯಿತು. ಬೆಂಚಿನ ಮೇಲೆ ಕಂಗಾಲಾಗಿ ಕೂತ ಹೊಸಬರಿಗೆಲ್ಲ ದಾರಿ ತೋರಿಸಿ, "ತಿಳೀದಿದ್ರೆ ನಂಗೊಂದು ಫೋನ್ ಮಾಡಿ" ಎನ್ನುವಷ್ಟು ಪಳಗಿದಳು.

ಇವತ್ತು ಇಲಾಖೆಯಲ್ಲಿ ಹೊಸ ಸಾಹೇಬರು ಕೂತಿದ್ದರು. ಅವಳ ಕಥೆಯನ್ನೆಲ್ಲ ಕೇಳಿ ಲೊಚಗುಟ್ಟಿದರು.

"ಸುಮ್ನೆ ಯಾಕಮ್ಮ ಅಲೀತೀರಿ? ಇದಕ್ಕೇ ಅಂತ ಒಬ್ರು ಮೇಡಂ ಇದಾರೆ. ಆಸ್ಪತ್ರೆಯೋರು, ನಮ್ಮೋರು, ಎಲ್ರೂ ಈಗ ಜನಾನ ಅವ್ರ ಹತ್ರಾನೇ ಕಳಿಸೋದು."

"ಅವ್ರಾದ್ರೂ ಕುರ್ಚಿ ಕೊಡಿಸ್ತಾರಾ ಸಾರ್?"

"ಅವ್ರಿಗೆ ಗೊತ್ತಿಲ್ದೇ ಇರೋದೇ ಇಲ್ಲ ಕಣಮ್ಮ. ತಾಳಿ, ನಾನೇ ಒಂದು ಮಾತು ಹೇಳ್ತೀನಿ."

ಸಾಹೇಬರು ಗೋಡೆಗೆ ಅಂಟಿಸಿದ್ದ ನಂಬರನ್ನು ನೋಡಿಕೊಂಡು ಒಂದೊಂದಾಗಿ ಒತ್ತಿದರು.

ಪುಟ್ಟತಾಯಮ್ಮನ ಕೈಚೀಲದಲ್ಲಿದ್ದ ಫೋನು ಬಡಿದುಕೊಳ್ಳತೊಡಗಿತು.