ಮೇಜಿನ ಮೇಲೆ ಒಂದೇ ಡಬ್ಬ

ಕೋವಿಯ ತೋಟೆಗೆ ಮದ್ದು ತುಂಬಲು ನಾನು ಪೌಡರ್ ಡಬ್ಬ ತೆರೆದಾಗಲೆಲ್ಲ ಅದರ ಘಾಟಿಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ದುಬೈಯ ಶೂಟಿಂಗ್ ಕ್ಲಬ್ಬಿನಲ್ಲಿ ಸಣ್ಣ ಕೋವಿಯ ತೋಟೆ ತುಂಬುತ್ತಿದ್ದರು. ಮೇಜಿನ ಮೇಲೆ ಒಂದೇ ಪೌಡರ್ ಡಬ್ಬ ಇರಬೇಕೆಂಬುದು ಅವರ ಹಟ. ಅಂದು ಅವರು ಜೊತೆಗೆ ಬಂದಿದ್ದ ನನಗೆ ನೀರು ತರಲು ಹೋದಾಗ, ಅವರಿಗೆ ವೀಸಾ ಕೊಡಿಸಿದ್ದ ನಮ್ಮೂರಿನ ಮ್ಯಾನೇಜರ್ ವಿಠಲಣ್ಣ ಅವಸರಕ್ಕೆ ದೊಡ್ಡ ಕೋವಿಯ ಪೌಡರನ್ನು ಅಪ್ಪ ಸಣ್ಣ ಕೋವಿಯದನ್ನು ತುಂಬಿಟ್ಟಿದ್ದ ಅಳತೆಯಂತ್ರಕ್ಕೇ ಸುರಿದರು. ಅಪ್ಪ ಬಂದವರೇ ಬೆರೆತದ್ದನ್ನೆಲ್ಲ ಬಕೆಟ್ಟಿನ ನೀರಿಗೆ ಚೆಲ್ಲಿದರು.

"ಎಂತ ಮಾರಾಯಾ, ಹೊರಗೆ ಗೆಸ್ಟ್ ಕಾಯ್ತಾ ಇದ್ದಾರೆ."

"ಕೋವಿ ಒಡೆದ್ರೆ ಹೋಗುವುದು ಅವರದ್ದೇ ಕೈ, ವಿಠಲಣ್ಣ."

"ನನಗೇ ಕಲಿಸ್ತೀಯಾ? ಖಲಾಸ್. ನಾಳೆಯಿಂದ ಬರ್ಬೇಡ."

ಅಪ್ಪ ಮೇಜು ಒರೆಸಿ ನನ್ನ ಕೈ ಹಿಡಿದರು.

ದುಬೈಯ ಕರಾಮದಲ್ಲಿದ್ದ ನಮ್ಮ ಮನೆಯಲ್ಲಿ ಅಮ್ಮ, "ಇಷ್ಟು ಬೇಗ ಬಂದ್ರಾ?" ಎಂದರು.

"ಮಗಳಿಗೆ ಹಸಿವಾಯ್ತಂತೆ."

ನನಗೆ ಹಸಿವೇ ಇರಲಿಲ್ಲ. ಬಡಿಸಿದ್ದನ್ನೆಲ್ಲ ಉಂಡೆ.