ನಡುಗಂಬ

ಒಂಬತ್ತನೆಯ ಸಲವೂ ಬಟ್ಟೆ ಅದೇ ಮೂಲೆಯಲ್ಲಿ ಜೋತುಬಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಉಳಿದ ಚಪ್ಪರವೆಲ್ಲ ತಣ್ಣಗೆ ನೀಲಿಯಾಗಿತ್ತು. ಆ ಮೂಲೆ ಮಾತ್ರ ಕೆಂಪು ಕೆಂಪು. ಮಳೆ ಬಂದರೆ ಅಲ್ಲಿ ನೀರು ನಿಲ್ಲುತ್ತದೆ, ನಿಂತ ನೀರಿನ ಭಾರಕ್ಕೆ ಬಟ್ಟೆ ಜೋಲುತ್ತದೆ, ಜೋತಷ್ಟೂ ಇನ್ನಷ್ಟು ನೀರು. ಇಂಜಿನಿಯರಮ್ಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು.

ಶಾಲೆಯೊಂದರ ಆಟದಂಗಳಕ್ಕೆ ನೆರಳು ಕೊಡುವ ಚಪ್ಪರ ಅದು. ಸುತ್ತ ಕಂಬಗಳು, ಮೇಲೆ ಬೀಸಣಿಗೆಯಂತೆ ಹರಡಿಕೊಂಡ ಏಳು ಪಟ್ಟಿಗಳನ್ನು ಕೂಡಿಸಿ ಹೊಲಿಯುವ ಒಂದೇ ದೊಡ್ಡ ಬಟ್ಟೆ. ಮುಖ್ಯೋಪಾಧ್ಯಾಯಿನಿ ಕೇಳಿಕೊಂಡದ್ದು ಒಂದೇ ಒಂದು: ನಡುವೆ ಕಂಬ ಮಾತ್ರ ಬೇಡ, ನಮ್ಮ ಮಕ್ಕಳು ಹಿಂದೆ ನೋಡಿಕೊಂಡೇ ಓಡುವವರು. ಇವಳು ಆಗಲಿ ಎಂದು ಮಾತು ಕೊಟ್ಟು ಬಂದಿದ್ದಳು. ಆಫೀಸಿನ ಹಿರಿಯ ಇಂಜಿನಿಯರ್ ಬೆಳಿಗ್ಗೆಯೇ ಫೋನ್ ಮಾಡಿ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ, ನಡುವೆ ಒಂದು ಕಂಬ ನಿಲ್ಲಿಸಿ ಕೈತೊಳೆದುಕೋ ಎಂದಿದ್ದರು. ನಾಲ್ಕು ಗಂಟೆಗೆ ನಕ್ಷೆ ಬಟ್ಟೆ ಕತ್ತರಿಸುವವರ ಕೈಸೇರಬೇಕು. ಈಗ ಎರಡೂವರೆ.

ಮಗು ಸ್ವಲ್ಪ ದೊಡ್ಡದಾಗುವವರೆಗೆ ಅವಳದು ಅಣ್ಣನ ಮನೆಯಿಂದಲೇ ಕೆಲಸ. ಕೋಣೆಯ ಆ ಗೋಡೆಗೆ ಅತ್ತಿಗೆಯ ಹೊಲಿಗೆ ಮಿಷನ್, ಈ ಗೋಡೆಗೆ ಅವಳ ಕಂಪ್ಯೂಟರ್, ನಡುವೆ ತೊಟ್ಟಿಲು. ಮಗು ಆಗಷ್ಟೇ ಕಣ್ಣುಮುಚ್ಚಿದ್ದರಿಂದ ಮಿಷನ್ ತುಳಿಯುವಂತಿರಲಿಲ್ಲ. ಸುಮ್ಮನೆ ಕೂತು ಅಭ್ಯಾಸವಿಲ್ಲದ ಅತ್ತಿಗೆ ಹಳೆಯ ಅಂಗಿಯೊಂದರ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚುತ್ತ ಅವಳ ಬೆನ್ನ ಹಿಂದೆ ಬಂದು ನಿಂತರು.

“ಬೆಳಿಗ್ಗೆಯಿಂದ ಅದೊಂದೇ ಬಟ್ಟೆ ಎಳೀತಿದ್ದೀಯಲ್ಲೇ. ನಾನಾಗಿದ್ರೆ ಇಷ್ಟು ಹೊತ್ತಿಗೆ ನಾಲ್ಕು ಫ್ರಾಕು ಮುಗಿಸಿರ್ತಿದ್ದೆ.”

“ನಿಮ್ಮ ಫ್ರಾಕಿನ ಮೇಲೆ ಯಾರೂ ಒಂದು ಟ್ಯಾಂಕರ್ ನೀರು ಸುರಿಯಲ್ಲ ಅತ್ತಿಗೆ.”

“ಮಕ್ಕಳು ಹಾಕ್ಕೊಳ್ಳೋದು ಕಣೇ. ನೀರೇ ವಾಸಿ.”

ನಗು ತಡೆದುಕೊಂಡು ಅವಳು ಪಿಸುದನಿಯಲ್ಲೇ ವಿವರಿಸಿದಳು. ಈ ಸಾಫ್ಟ್‌ವೇರ್ ಇಡೀ ಬಟ್ಟೆಯನ್ನು ಎಂಟು ಸಾವಿರ ಪುಟ್ಟ ತ್ರಿಕೋನಗಳಾಗಿ ಹಂಚಿಕೊಳ್ಳುತ್ತದೆ. ಪಕ್ಕದವನು ನಿನ್ನನ್ನು ಎಷ್ಟು ಎಳೆಯುತ್ತಿದ್ದಾನೆ ಎಂದು ಒಂದೊಂದನ್ನೂ ಕೇಳಿ, ಎಲ್ಲರ ಉತ್ತರ ಕೂಡಿಸಿ ಬಟ್ಟೆ ಹೇಗೆ ನಿಲ್ಲುತ್ತದೆಂದು ತೋರಿಸುತ್ತದೆ. ತ್ರಿಕೋನಗಳನ್ನು ಇನ್ನೂ ಸಣ್ಣದು ಮಾಡಿದ್ದಾಯಿತು, ಹಗ್ಗ ಬಿಗಿದದ್ದಾಯಿತು, ಆ ಮೂಲೆಯ ಕಂಬವನ್ನು ಗೇಣುದ್ದ ಎತ್ತರಿಸಿದ್ದೂ ಆಯಿತು. ಮೂಲೆ ಜಪ್ಪಯ್ಯ ಎಂದರೂ ಏಳುತ್ತಿಲ್ಲ. ಅತ್ತಿಗೆ ಹೂಂಗುಟ್ಟಿದರು. ಇಪ್ಪತ್ತಾರು ವರ್ಷ ಬಟ್ಟೆ ಕತ್ತರಿಸಿದವರಿಗೆ ತುಂಡು ಮಾಡಿ ಕೂಡಿಸುವುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅವರ ಕಣ್ಣು ತ್ರಿಕೋನಗಳನ್ನು ಬಿಟ್ಟು ಪಟ್ಟಿಗಳ ಮೇಲೆ ಓಡಾಡುತ್ತಿತ್ತು.

“ಈ ಕಡೇ ಪಟ್ಟಿಗೆ ಹಾಸು ಯಾವ ಕಡೆ?”

“ಹಾಸು ಅಂದ್ರೆ?”

“ಉದ್ದದ ಎಳೆ. ನೇಯುವಾಗ ಬಿಗಿಯಾಗಿ ಎಳೆದು ಕಟ್ಟಿರ್ತಾರಲ್ಲ, ಅದು. ಎಳೆ ನೋಡದೆ ಓರೆಯಾಗಿ ಕತ್ತರಿಸಿದ್ರೆ ಬಟ್ಟೆ ಹೀಗೇ ಜೋಲೋದು. ಸ್ಕರ್ಟಿಗಾದ್ರೆ ಬೇಕೂಂತಲೇ ಹಾಗೆ ಕತ್ತರಿಸ್ತೀವಿ, ಚೆನ್ನಾಗಿ ಇಳಿಬೀಳಲಿ ಅಂತ. ಚಪ್ಪರಕ್ಕೆ ಯಾಕೆ ಹಾಗೆ ಕತ್ತರಿಸಿದೆ?”

ಅದನ್ನೆಲ್ಲ ತುಂಬಿದ್ದೇನೆ ಎನ್ನಲು ಅವಳು ಬಾಯಿ ತೆರೆದಳು. ಉದ್ದದ ಎಳೆಗೆ ಎಷ್ಟು ಬಲ, ಅಡ್ಡ ಎಳೆಗೆ ಎಷ್ಟು ಬಲ, ಎಲ್ಲ ತುಂಬಿದ್ದಳು, ನಿಜ. ಆದರೆ ಉದ್ದ ಎಂದರೆ ಯಾವ ಕಡೆಗೆ? ಎಂದೂ ಒತ್ತದಿದ್ದ ಒಂದು ಗುಂಡಿ ಒತ್ತಿದಳು. ಒಂದೊಂದು ತ್ರಿಕೋನದ ಮೇಲೂ ಉದ್ದದ ಎಳೆಯ ದಿಕ್ಕು ತೋರುವ ಸಣ್ಣ ಬಾಣ ಮೂಡಿತು. ಏಳು ಪಟ್ಟಿಗಳು ಏಳು ದಿಕ್ಕಿಗೆ ಹರಡಿದ್ದರೂ ಬಾಣಗಳೆಲ್ಲ ಡ್ರಿಲ್ಲಿಗೆ ನಿಂತ ಮಕ್ಕಳಂತೆ ಒಂದೇ ಕಡೆ ಮುಖ ಮಾಡಿದ್ದವು. ಮೊದಲ ಪಟ್ಟಿಗೆ ಅವು ಸರಿಯಾಗಿ ಉದ್ದಕ್ಕೆ ಹೊಂದಿದ್ದವು, ಮುಂದಿನದಕ್ಕೆ ಸ್ವಲ್ಪ ಓರೆ, ಅದರ ಮುಂದಿನದಕ್ಕೆ ಇನ್ನೂ ಓರೆ. ಕೊನೆಯ ಪಟ್ಟಿಯಲ್ಲಿ ಪೂರ್ತಿ ಮೂಲೆಯಿಂದ ಮೂಲೆಗೆ. ಕೆಂಪಾಗಿದ್ದದ್ದು ಅದೇ.

ಒಂದೊಂದು ಪಟ್ಟಿಯ ಬಾಣಗಳನ್ನೂ ಅದರದರ ಉದ್ದಕ್ಕೆ ತಿರುಗಿಸಿ ಅವಳು ಹತ್ತನೆಯ ಸಲ ಲೆಕ್ಕ ಓಡಿಸಿದಳು. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು. ತೊಟ್ಟಿಲಲ್ಲಿ ಮಗು ಒಮ್ಮೆ ಮಗ್ಗುಲಾಯಿತು. ಬಟ್ಟೆ ತಮಟೆಯ ಹಾಗೆ ಬಿಗಿದು ನಿಂತಿತು, ಈ ತುದಿಯಿಂದ ಆ ತುದಿಯವರೆಗೆ ನೀಲಿ. ಅವಳು ತಿರುಗಿ ಅತ್ತಿಗೆಯ ಸೊಂಟ ತಬ್ಬಿಕೊಂಡಳು. ಕೈಯಲ್ಲಿ ಬ್ಲೇಡಿದೆ, ದೂರ ನಿಂತು ಖುಷಿಪಡು ಎಂದು ಅತ್ತಿಗೆ ಗದರಿದರು. ತಾವೇನೂ ದೂರ ಸರಿಯಲಿಲ್ಲ.

ಮೂರೂಕಾಲಿಗೆ ಹಿರಿಯ ಇಂಜಿನಿಯರಿಗೆ ಫೋನ್ ಮಾಡಿ, ಕಂಬ ಬೇಕಾಗಿಲ್ಲ ಎಂದು ಹೇಳಿ, ನಡೆದದ್ದನ್ನೆಲ್ಲ ಒಪ್ಪಿಸಿದಳು. ಅವರು ಮನಸಾರೆ ನಕ್ಕರು. ನಿಮ್ಮ ಅತ್ತಿಗೆಗೆ ನನ್ನ ನಮಸ್ಕಾರ ಹೇಳು ಎಂದರು. ಅಷ್ಟು ಜಾಗ್ರತೆಯ ಹುಡುಗಿ ನೀನು, ಇಂಥದು ಹೇಗೆ ಕಣ್ತಪ್ಪಿತು ಎಂದೂ ಕೇಳಿದರು.

“ಹೊಸದಾಗಿ ಶುರು ಮಾಡಿರಲಿಲ್ಲ ಸರ್. ನಿಮ್ಮ ಫೈಲನ್ನೇ ತಗೊಂಡು ಅಳತೆ ಬದಲಾಯಿಸಿದ್ದೆ. ನೀವು ಮೂರು ಶಾಲೆಗಳಿಗೆ ಮಾಡಿದ್ರಲ್ಲ, ಅದು. ಬಾಣಗಳು ಅದರಲ್ಲಿದ್ದ ಹಾಗೇ ಉಳಿದಿದ್ವು.”



“ಮೂರಕ್ಕೂ ನಡುಗಂಬ ಹಾಕಿದ್ದೀನಿ,” ಎಂದರು ಅವರು, ಮೆಲ್ಲಗೆ. ಗಂಟಲು ಸರಿಮಾಡಿಕೊಂಡರು. “ಮಕ್ಕಳು ಅದನ್ನ ಹಿಡ್ಕೊಂಡು ಗಿರಗಿರ ಸುತ್ತೋದನ್ನ ನಾನೇ ನೋಡಿದ್ದೀನಿ. ಅವರಿಗೆ ಅದಂದ್ರೆ ಬಹಳ ಇಷ್ಟ.”